ಸಂಜೆ ಗೊತ್ತಿರದ ಬೆಳಗಿನ ಕೆಲಸ

ಹಳೆಯ ಸಿನಿಮಾಗಳಲ್ಲಿ ವಿಲನ್ ಯಾರು ಅಂತ ಯಾರಿಗೂ ಅನುಮಾನ ಇರುತ್ತಿರಲಿಲ್ಲ. ಊರಿನ ಜಮೀನ್ದಾರ. ಗಿರಿಜಾ ಮೀಸೆ, ಜರಿ ಪಂಚೆ, ಕೈಯಲ್ಲಿ ಚಾಟಿ. ಅವನ ಎದುರು, ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿಕೊಂಡು ನಿಂತ ಒಕ್ಕಲು. ತಮಾಷೆ ಅಂದರೆ, ವಿಲನ್ ಅನ್ನುವ ಪದ ಹುಟ್ಟಿದ್ದು ಮೀಸೆಯವನಿಗಲ್ಲ, ಟವೆಲ್ಲಿನವನಿಗೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಡೆಯನ ನೆಲದಲ್ಲಿ ಬೆಳೆದುಕೊಂಡು, ಅದಕ್ಕೆ ಬದಲಾಗಿ ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುತ್ತಿದ್ದವನನ್ನು ಹಾಗೆ ಕರೆಯುತ್ತಿದ್ದರು. ಮೂಲ ಲ್ಯಾಟಿನ್ನಿನಲ್ಲಿ ಅದಕ್ಕೆ ಹಳ್ಳಿಯವನು ಅಂತಷ್ಟೇ ಅರ್ಥ. ದೊಡ್ಡವರ ಬಾಯಲ್ಲಿ ಅದು ಒರಟ ಅಂತಾಯಿತು, ಆಮೇಲೆ ನೀಚ, ಕೊನೆಗೆ ದುಷ್ಟ.

ನಮ್ಮ ಬಿಟ್ಟಿ ಪದದ ಕತೆಯೂ ಸುಮಾರು ಹೀಗೇ. ಸಂಸ್ಕೃತದ ವಿಷ್ಟಿ ಕನ್ನಡಕ್ಕೆ ಬಂದು ಬಿಟ್ಟಿಯಾಯಿತು. ಅರಸನಿಗೋ ಊರಿನ ಒಡೆಯನಿಗೋ ಕೂಲಿ ಕೇಳದೆ ಮಾಡಿಕೊಡಬೇಕಾದ ಕೆಲಸ ಅದು. ದುಡಿದೂ ಸಂಬಳ ಸಿಗದವನ ಪಾಡಿಗೆ ಇದ್ದ ಹೆಸರು ಇವತ್ತು ದುಡಿಯದೆ ತಿನ್ನುವವನಿಗೆ ಬೈಗುಳ. ಬಿಟ್ಟಿ ಕೂಳು, ಬಿಟ್ಟಿ ಭಾಗ್ಯ ಅಂತ ಟಿವಿ ಚರ್ಚೆಗಳಲ್ಲಿ ಕೂಗುವವರಿಗೆ ಇದು ಗೊತ್ತಿದೆಯೋ ಇಲ್ಲವೋ.

ಈ ಪದಗಳ ಹಿಂದೆ ಹೋಗಲು ನನಗೆ ಒಂದು ಕಾರಣವಿದೆ. ಜಮೀನು ಗುತ್ತಿಗೆ ಕೊಡುವುದನ್ನು ಕಾನೂನುಬದ್ಧ ಮಾಡಬೇಕೇ ಅನ್ನುವ ಮಾತು ನಮ್ಮಲ್ಲಿ ಆಗಾಗ ಏಳುತ್ತದೆ. ಎದ್ದಾಗಲೆಲ್ಲ, ಮತ್ತೆ ಪಾಳೇಗಾರಿಕೆ ತರುತ್ತೀರಾ ಅನ್ನುವ ಪ್ರಶ್ನೆಯೂ ಏಳುತ್ತದೆ. ಸರಿಯಾದ ಪ್ರಶ್ನೆಯೇ. ಆದರೆ ಆ ಹಳೆಯ ಏರ್ಪಾಟಿನಲ್ಲಿ ಒಕ್ಕಲನ್ನು ಹಿಂಡಿದ್ದು ಏನು? ಎಷ್ಟು ದಿನ ದುಡಿಯಬೇಕಿತ್ತು ಅನ್ನುವುದಾ? ಇಂಗ್ಲೆಂಡಿನಲ್ಲಿ ಇದಕ್ಕೆ ದಾಖಲೆ ದಂಡಿಯಾಗಿವೆ. ಮಠಗಳು, ಬಿಷಪ್ಪರು, ಸರದಾರರು ಯಾವ ಒಕ್ಕಲು ಎಷ್ಟು ದಿನ ಬಂದ, ಎಷ್ಟು ಬಡಿದ, ಎಷ್ಟು ಕೊಯ್ದ ಅಂತ ಬರೆದಿಟ್ಟಿದ್ದಾರೆ. ಅಲ್ಲಿಂದಲೇ ನೋಡೋಣ.

13ನೇ ಶತಮಾನದ ಒಂದು ಮೇನರ್ ಅಂದುಕೊಳ್ಳಿ. ಒಬ್ಬ ಒಡೆಯನ ಹಿಡಿತದಲ್ಲಿರುವ ಊರು, ಹೊಲ, ಹುಲ್ಲುಗಾವಲು, ಗಿರಣಿ, ಪಂಚಾಯ್ತಿ ಎಲ್ಲ ಸೇರಿ ಒಂದು ಮೇನರ್. ಅಲ್ಲಿನ ನೆಲದಲ್ಲಿ ಒಂದು ಪಾಲು ಒಡೆಯನ ಸ್ವಂತ ಬೇಸಾಯದ್ದು. ಉಳಿದದ್ದು ಒಕ್ಕಲುಗಳದ್ದು. ಪೂರ್ತಿ ಹಿಡುವಳಿ ಅಂದರೆ ಸುಮಾರು 30 ಎಕರೆ. ಬಹಳ ಜನಕ್ಕೆ ಅದರ ಅರ್ಧ ಇತ್ತು. ಕೆಲವರಿಗೆ ಗುಡಿಸಲು, ಹಿತ್ತಿಲು, ಅಷ್ಟೇ. 30 ಎಕರೆಯವನು ವಾರಕ್ಕೆ ಎರಡು ಮೂರು ದಿನ ಒಡೆಯನ ಹೊಲಕ್ಕೆ ಬರಬೇಕಿತ್ತು. ಉಳುವುದು, ಕುಂಟೆ ಹೊಡೆಯುವುದು, ಗೊಬ್ಬರ ಸಾಗಿಸುವುದು, ಬೇಲಿ ಕಟ್ಟುವುದು, ಕಾಳು ಬಡಿಯುವುದು. ಇದು ವಾರದ ಕೆಲಸ. ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ದೊಡ್ಡ ಮಠಗಳ ಜಮೀನಿನಲ್ಲಿ ಬಿಗಿ ಜಾಸ್ತಿ. ಇನ್ನೂ ಎಷ್ಟೋ ಊರುಗಳಲ್ಲಿ ಒಕ್ಕಲುಗಳು ಆಗಲೇ ದುಡ್ಡು ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು.

ಎರಡು ವಿಷಯ ನಮ್ಮ ಊಹೆಗಿಂತ ಬೇರೆ ಇವೆ. ಮೊದಲನೆಯದು, ಕೆಲಸದ ಋಣ ಇದ್ದದ್ದು ಹಿಡುವಳಿಯ ಮೇಲೆ. ಒಕ್ಕಲು ತಾನೇ ಬರಬೇಕೆಂದಿಲ್ಲ. ಮಗನನ್ನು ಕಳಿಸಬಹುದು, ಆಳು ಇಡಬಹುದು. ಸ್ವಲ್ಪ ಸ್ಥಿತಿವಂತನಾದರೆ ಊರಿನ ಗುಡಿಸಲಿನವನಿಗೇ ಕೂಲಿ ಕೊಟ್ಟು ಒಡೆಯನ ಹೊಲಕ್ಕೆ ಅಟ್ಟುತ್ತಿದ್ದ. ಎರಡನೆಯದು, ದಿನ ಅಂದರೆ ಹುಟ್ಟುವ ಸೂರ್ಯನಿಂದ ಮುಳುಗುವ ಸೂರ್ಯನವರೆಗೆ ಅಲ್ಲ. ಹಲವು ಕಡೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಇಲ್ಲವೇ, ಇಷ್ಟು ಅಳತೆ ಗೋಧಿ ಬಡಿದರೆ ಒಂದು ದಿನ ಅಂತ ಲೆಕ್ಕ. ಬೇಗ ಮುಗಿಸಿದವನು ಬೇಗ ಮನೆಗೆ.

ಇದನ್ನು ಓದಿ, ಪರವಾಗಿಲ್ಲವಲ್ಲ ಅನಿಸಬಹುದು. ಸುಗ್ಗಿ ಬರಲಿ, ತಡೆಯಿರಿ.

ವಾರದ ಕೆಲಸದ ಮೇಲೆ ಸುಗ್ಗಿಯಲ್ಲಿ ಇನ್ನೊಂದು ಹೊರೆ ಬೀಳುತ್ತಿತ್ತು. ಲ್ಯಾಟಿನ್ ಕಡತಗಳಲ್ಲಿ ಅದರ ಹೆಸರಿಗೆ ಕೋರಿಕೆ ಅಂತ ಅರ್ಥ. ಒಡೆಯ ಕೋರಿಕೊಳ್ಳುತ್ತಾನಂತೆ, ಒಕ್ಕಲು ಪ್ರೀತಿಯಿಂದ ಬರುತ್ತಾನಂತೆ. ಬರದಿದ್ದರೆ ದಂಡ. ನಮ್ಮ ಮುಯ್ಯಾಳಿನ ಹಾಗೆ ಕಾಣುತ್ತದೆ, ಆದರೆ ಮುಯ್ಯಿ ತಿರುಗಿ ಬರುತ್ತದೆ, ಇದು ಬರುವುದಿಲ್ಲ. ಕೆಲವು ಕಡೆ, ಹೆಂಡತಿಯೊಬ್ಬಳನ್ನು ಬಿಟ್ಟು ಮನೆಯವರೆಲ್ಲ ಬರಬೇಕು ಅಂತ ಬರೆದಿದೆ. ಬಂದವರಿಗೆ ಊಟ ಉಂಟು, ಅದಕ್ಕೂ ದರ್ಜೆ ಉಂಟು. ಬಿಯರ್ ಕೊಡುವ ಕೊಯ್ಲಿಗೆ ಒಂದು ಹೆಸರು, ಬರೀ ನೀರು ಕೊಡುವ ಕೊಯ್ಲಿಗೆ ಇನ್ನೊಂದು, ಏನೂ ಕೊಡದ ಕೊಯ್ಲಿಗೆ ಮತ್ತೊಂದು. ಕೊನೆಯದನ್ನು ಕನ್ನಡಕ್ಕೆ ತಂದರೆ ಹಸಿವಿನ ಕೊಯ್ಲು.

ಹುಲ್ಲು ಕೊಯ್ಯುವಾಗ ಇನ್ನೂ ಚೆಂದದ ಪದ್ಧತಿಗಳಿದ್ದವು. ಉದ್ದ ಹಿಡಿಯ ಕುಡುಗೋಲಿನ ಮೇಲೆ ಎತ್ತಲು ಆಗುವಷ್ಟು ಹುಲ್ಲು ಕೊಯ್ದವನಿಗೆ. ದುರಾಸೆಗೆ ಜಾಸ್ತಿ ಹೇರಿ ಹಿಡಿ ಮುರಿದರೆ ಹುಲ್ಲೂ ಹೋಯಿತು, ಮೇಲೆ ದಂಡವೂ ಬಿತ್ತು. ಕೆಲವು ಊರುಗಳಲ್ಲಿ ಕೊಯ್ಲು ಮುಗಿದ ಗಾವಲಿಗೆ ಒಂದು ಕುರಿ ಬಿಡುತ್ತಿದ್ದರು. ಹಿಡಿದರೆ ಕುರಿ ಆಳುಗಳದ್ದು, ತಪ್ಪಿಸಿಕೊಂಡರೆ ಒಡೆಯನದ್ದು. ಇಂಥ ಸಣ್ಣ ಆಸೆಗಳನ್ನೂ ಕಡತದಲ್ಲಿ ಬರೆದಿಟ್ಟಿದ್ದಾರೆ. ಬರೆಯದಿದ್ದರೆ ಮರುವರ್ಷ ಕುರಿ ಇಲ್ಲ ಅಂತ ಒಕ್ಕಲುಗಳಿಗೆ ಗೊತ್ತಿತ್ತು.

ಹೊಲದ ಕೆಲಸ ಗೊತ್ತಿರುವವರಿಗೆ ನಿಜವಾದ ಏಟು ಎಲ್ಲಿ ಬೀಳುತ್ತದೆ ಅಂತ ಹೇಳಬೇಕಿಲ್ಲ. ಹದ. ಬಿತ್ತನೆಗೆ ಒಂದು ಹದ, ಕೊಯ್ಲಿಗೆ ಒಂದು ಹದ. ನಾಲ್ಕು ದಿನ ಬಿಸಿಲು ಬಿದ್ದಾಗ ಒಡೆಯನ ಗೋಧಿ ಮೊದಲು ಕಣ ಸೇರಬೇಕು. ಒಕ್ಕಲಿನ ಗೋಧಿ ಹೊಲದಲ್ಲೇ ನಿಂತಿರುತ್ತದೆ, ಮೇಲೆ ಮೋಡ ಕಟ್ಟುತ್ತಿರುತ್ತದೆ. ಹಾಗಾಗಿ ವರ್ಷಕ್ಕೆ ಎಷ್ಟು ದಿನ ಅಂತ ಕೂಡಿಸಿದರೆ ಏನೂ ಗೊತ್ತಾಗುವುದಿಲ್ಲ. ಜನವರಿಯ ದಿನವೂ ಆಗಸ್ಟಿನ ದಿನವೂ ಒಂದೇ ಅಲ್ಲ. ಇದು ಒಡೆಯರಿಗೂ ಗೊತ್ತಿತ್ತು. ಕೆಲಸದ ಬದಲು ದುಡ್ಡು ತೆಗೆದುಕೊಳ್ಳುವಾಗ ಅವರ ಲೆಕ್ಕದ ಹಾಳೆಗಳಲ್ಲೇ ಚಳಿಗಾಲದ ಕೆಲಸಕ್ಕೆ ಅಗ್ಗದ ಬೆಲೆ, ಸುಗ್ಗಿಯ ಕೆಲಸಕ್ಕೆ ದುಬಾರಿ ಬೆಲೆ.

ಇದಲ್ಲದೆ ಚಿಲ್ಲರೆ ಬಾಬ್ತುಗಳು ಬೇಕಾದಷ್ಟು. ಮಗಳ ಮದುವೆಗೆ ಒಡೆಯನಿಗೆ ಕಾಣಿಕೆ. ಒಕ್ಕಲು ಸತ್ತರೆ ಕೊಟ್ಟಿಗೆಯಲ್ಲಿದ್ದ ಒಳ್ಳೆಯ ದನ ಒಡೆಯನಿಗೆ. ಊರು ಬಿಟ್ಟು ಹೊರಗೆ ಇರಬೇಕಾದರೂ ಪ್ರತಿವರ್ಷ ಕಪ್ಪ. ಕಾಳು ಬೀಸಿಸುವುದು ಒಡೆಯನ ಗಿರಣಿಯಲ್ಲೇ, ಅವನ ಪಾಲು ಕೊಟ್ಟು.

ಈಗ ಮೊದಲ ಪ್ರಶ್ನೆಗೆ ಬರೋಣ. ಸ್ವತಂತ್ರ ರೈತನೂ ಕೆಲವೊಮ್ಮೆ ಒಡೆಯನ ಹೊಲದಲ್ಲಿ ದುಡಿಯುತ್ತಿದ್ದ. ಹಾಗಾದರೆ ವಿಲನ್ ಅಂತ ಗುರುತಿಸುವುದು ಹೇಗೆ? 13ನೇ ಶತಮಾನದಲ್ಲಿ ಬ್ರಾಕ್ಟನ್ ಹೆಸರಿನಲ್ಲಿ ಬಂದ ಕಾನೂನು ಗ್ರಂಥ ಇದಕ್ಕೆ ಒಂದು ಪರೀಕ್ಷೆ ಕೊಡುತ್ತದೆ. ನಾಳೆ ಬೆಳಿಗ್ಗೆ ಯಾವ ಕೆಲಸ ಮಾಡಬೇಕು ಅಂತ ಇವತ್ತು ಸಂಜೆ ಗೊತ್ತಿಲ್ಲದವನು ವಿಲನ್. ಎಷ್ಟು ದುಡಿಯುತ್ತಾನೆ ಅನ್ನುವುದು ಮುಖ್ಯವೇ ಅಲ್ಲ. ನಾಳೆಯನ್ನು ತೀರ್ಮಾನಿಸುವುದು ಯಾರು ಅನ್ನುವುದು ಮುಖ್ಯ. ಇದರ ಜೊತೆಗೆ ಇನ್ನೊಂದು ಬೀಗ. ಎರಡನೇ ಹೆನ್ರಿಯ ಕಾಲದಿಂದ ಸ್ವತಂತ್ರ ಹಿಡುವಳಿದಾರರು ನೆಲದ ತಕರಾರನ್ನು ರಾಜನ ನ್ಯಾಯಾಲಯಕ್ಕೆ ಒಯ್ಯಬಹುದಿತ್ತು. ವಿಲನ್‌ಗೆ ಆ ಬಾಗಿಲು ಮುಚ್ಚಿತ್ತು. ಅವನ ದೂರು ಒಡೆಯನ ಮೇಲೆ, ವಿಚಾರಣೆಯೂ ಒಡೆಯನ ಪಂಚಾಯ್ತಿಯಲ್ಲೇ.

ಕಾನೂನಿನ ಮಾತು ಹಾಗಿದ್ದರೂ ದಿನನಿತ್ಯದಲ್ಲಿ ರೂಢಿ ಅನ್ನುವುದು ಒಡೆಯನ ಕೈಯನ್ನೂ ಕಟ್ಟುತ್ತಿತ್ತು ಅನ್ನುವುದು ನಿಜ. ಇತಿಹಾಸಕಾರ ಜಾನ್ ಹ್ಯಾಚರ್ ಇನ್ನೂ ಮುಂದೆ ಹೋಗಿ ವಾದಿಸುತ್ತಾರೆ. 1300ರ ಸುಮಾರಿಗೆ ಜನ ಹೆಚ್ಚಾಗಿ ನೆಲಕ್ಕೆ ಬೇಡಿಕೆ ಏರಿದಾಗ, ರೂಢಿಯ ಪ್ರಕಾರ ಕಟ್ಟುತ್ತಿದ್ದ ಎಷ್ಟೋ ವಿಲನ್‌ಗಳ ಹೊರೆ ಮಾರುಕಟ್ಟೆಯ ಗೇಣಿಗಿಂತ ಕಡಿಮೆಯೇ ಇತ್ತು ಅಂತ. ನನಗೆ ಈ ವಾದ ಒಪ್ಪಿಗೆ. ಆದರೆ ಇದರಿಂದ ಇನ್ನೊಂದು ಪ್ರಶ್ನೆ ಏಳುತ್ತದೆ. ಹೊರೆ ಅಷ್ಟೇನೂ ಇರಲಿಲ್ಲ ಅಂದರೆ ಜನ ಯಾಕೆ ಜೀವದ ಹಂಗು ತೊರೆದು ದಂಗೆ ಎದ್ದರು?

ಸೇಂಟ್ ಆಲ್ಬನ್ಸ್ ಮಠದ ಕತೆ ಕೇಳಿ. ಅಲ್ಲಿನ ಜನ ಮನೆಯಲ್ಲೇ ಬೀಸೋಕಲ್ಲು ಇಟ್ಟುಕೊಂಡು, ಮಠದ ಗಿರಣಿಗೆ ಹೋಗುತ್ತಿರಲಿಲ್ಲ. 1330ರ ದಶಕದ ಆರಂಭದಲ್ಲಿ ಮಠಾಧಿಪತಿ ರಿಚರ್ಡ್ ಆ ಕಲ್ಲುಗಳನ್ನೆಲ್ಲ ಕಿತ್ತುಕೊಂಡ. ಒಡೆದು ಬಿಸಾಕಲಿಲ್ಲ. ಮಠದ ಕೋಣೆಯ ನೆಲಕ್ಕೆ ಹಾಸಿಸಿದ. ಊರವರು ಮಾತಾಡಲು ಬಂದರೆ ತಮ್ಮ ಬೀಸೋಕಲ್ಲನ್ನೇ ತುಳಿದು ನಿಲ್ಲಬೇಕು. ಐವತ್ತು ವರ್ಷ ಆ ಕಲ್ಲು ಅಲ್ಲೇ ಇತ್ತು. 1381ರ ದಂಗೆಯಲ್ಲಿ ಜನ ಮಠಕ್ಕೆ ನುಗ್ಗಿ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಆ ನೆಲ ಅಗೆದದ್ದು. ಕಲ್ಲನ್ನು ಚೂರು ಮಾಡಿ, ಇಗರ್ಜಿಯಲ್ಲಿ ಪ್ರಸಾದದ ರೊಟ್ಟಿ ಹಂಚುವ ಹಾಗೆ ಒಬ್ಬೊಬ್ಬರು ಒಂದೊಂದು ಚೂರು ಹಂಚಿಕೊಂಡರು. ಬೀಸುವಾಗ ಹಾಡು ಕಟ್ಟಿದ ನಾಡಿನವರು ನಾವು. ಆ ಚೂರು ಕಲ್ಲು ಯಾಕೆ ಬೇಕಿತ್ತು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕಲ್ಲಿಗಿಂತ ಹೆಚ್ಚಾಗಿ ಆ ಕಾಲದ ಜನ ಹಠ ಹಿಡಿದದ್ದು ಕಾಗದಕ್ಕೆ. 1348ರ ಬೇಸಿಗೆಯಲ್ಲಿ ಪ್ಲೇಗ್ ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಬಂತು. ಒಂದೆರಡು ವರ್ಷದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಹೋದರು. ಆಳು ಸಿಗುವುದಿಲ್ಲ, ಸಿಕ್ಕವನು ದುಪ್ಪಟ್ಟು ಕೇಳುತ್ತಾನೆ. 1351ರಲ್ಲಿ ಪಾರ್ಲಿಮೆಂಟು ಕೂಲಿಯನ್ನು ಪ್ಲೇಗಿನ ಮುಂಚಿನ ದರಕ್ಕೆ ಕಟ್ಟಿಹಾಕುವ ಕಾಯ್ದೆ ತಂದಿತು. ಹುಲ್ಲು ಒಣಗಿಸುವವರಿಗೆ ದಿನಕ್ಕೆ 1 ಪೆನ್ನಿ, ಆಗಸ್ಟ್ ಮೊದಲ ವಾರ ಕೊಯ್ಯುವವರಿಗೆ 2, ಎರಡನೇ ವಾರ 3. ಅತ್ತ ಒಡೆಯರು ಬಿಟ್ಟುಕೊಟ್ಟಿದ್ದ ಹಳೆಯ ಬಿಟ್ಟಿ ಕೆಲಸವನ್ನು ಮತ್ತೆ ಕೇಳತೊಡಗಿದರು. ಆಗ 1377ರಲ್ಲಿ ದಕ್ಷಿಣದ 40ಕ್ಕೂ ಹೆಚ್ಚು ಹಳ್ಳಿಗಳು ಒಂದು ವಿಚಿತ್ರ ಕೆಲಸ ಮಾಡಿದವು. ದುಡ್ಡು ಕೂಡಿಸಿ, ಸರ್ಕಾರದ ಕಚೇರಿಯಿಂದ ಡೂಮ್ಸ್‌ಡೇ ದಾಖಲೆಯ ನಕಲು ತೆಗೆಸಿದವು. 1086ರ ಸರ್ವೆ ಅದು. ಸುಮಾರು 300 ವರ್ಷದ ಹಿಂದಿನ ಪಹಣಿ ಅನ್ನಿ. ನಮ್ಮ ಊರು ಆಗ ರಾಜನ ಸ್ವಂತ ಜಮೀನಾಗಿತ್ತು, ರಾಜನ ಒಕ್ಕಲುಗಳಿಗೆ ಈ ಬಿಟ್ಟಿ ಇಲ್ಲ, ನೋಡಿ ಅಂತ ವಾದ. ಓದು ಬಾರದ ಹಳ್ಳಿಗರು ಲ್ಯಾಟಿನ್ ನಕಲು ಹಿಡಿದುಕೊಂಡು, ನಾವು ಬರುವುದಿಲ್ಲ ಅಂತ ಒಡೆಯನ ಹೊಲದ ಬದಿಯಲ್ಲಿ ನಿಂತದ್ದನ್ನು ಸುಮ್ನೆ ಊಹಿಸಿಕೊಳ್ಳಿ. ವಾದ ಗೆಲ್ಲಲಿಲ್ಲ. ಪಾರ್ಲಿಮೆಂಟು ಹೆದರಿ ಅವರ ವಿರುದ್ಧವೇ ಕಾನೂನು ಮಾಡಿತು.

ನಾಲ್ಕು ವರ್ಷ ಕಳೆದು ದಂಗೆಯಾಯಿತು. ನೆಪ ತಲೆಗಂದಾಯ. ಜೂನ್ 14ರಂದು ಲಂಡನ್ನಿನ ಹೊರಗೆ ಮೈಲ್ ಎಂಡ್‌ನಲ್ಲಿ 14 ವರ್ಷದ ರಾಜ ಎರಡನೇ ರಿಚರ್ಡನ ಮುಂದೆ ಜನ ಇಟ್ಟ ಬೇಡಿಕೆ ನೋಡಿ. ವಿಲನ್ ಪದ್ಧತಿ ರದ್ದಾಗಬೇಕು, ಎಕರೆಗೆ 4 ಪೆನ್ನಿ ಗೇಣಿ. ನೆಲ ಪುಕ್ಕಟೆ ಕೊಡಿ ಅಂತ ಕೇಳಲಿಲ್ಲ. ಗೇಣಿ ಕೊಡುತ್ತೇವೆ, ಆದರೆ ಎಷ್ಟು ಅಂತ ಈಗಲೇ ಹೇಳಿಬಿಡಿ ಅಂದರು. ರಾಜ ಒಪ್ಪಿ, ಗುಮಾಸ್ತರನ್ನು ಕೂರಿಸಿ ಬಿಡುಗಡೆ ಪತ್ರ ಬರೆಸಿ ಹಂಚಿದ. ಜುಲೈ 2ಕ್ಕೆ ಎಲ್ಲ ಪತ್ರ ವಾಪಸ್. ಅಷ್ಟರಲ್ಲಿ ನಾಯಕ ವಾಟ್ ಟೈಲರ್ ಸತ್ತಿದ್ದ. ದಂಗೆಕೋರರು ಹೋದಲ್ಲೆಲ್ಲ ಒಡೆಯರ ಪಂಚಾಯ್ತಿ ಕಡತಗಳನ್ನು ಸುಟ್ಟದ್ದೂ ಕುರುಡು ಕೋಪದಿಂದಲ್ಲ. ಯಾರು ಎಷ್ಟು ದಿನ ದುಡಿಯಬೇಕು ಅನ್ನುವುದಕ್ಕೆ ಸಾಕ್ಷಿ ಇದ್ದದ್ದೇ ಅಲ್ಲಿ.

ದಂಗೆ ಸೋತರೂ ಬಿಟ್ಟಿ ಕೆಲಸ ಉಳಿಯಲಿಲ್ಲ. ಆಳಿಲ್ಲದೆ ಒಡೆಯರು ತಮ್ಮ ಸ್ವಂತ ಹೊಲವನ್ನೇ ಗುತ್ತಿಗೆಗೆ ಬಿಟ್ಟರು. ಒಕ್ಕಲಿಗೆ, ಪಂಚಾಯ್ತಿ ಕಡತದಲ್ಲಿ ಅವನ ಹಿಡುವಳಿಯ ಬಗ್ಗೆ ಬರೆದದ್ದರ ನಕಲು ಸಿಗತೊಡಗಿತು. ಈ ಹಿಡುವಳಿಯ ಹೆಸರೇ ಕಾಪಿಹೋಲ್ಡ್. 15ನೇ ಶತಮಾನದ ಕೊನೆಗೆ ರಾಜನ ನ್ಯಾಯಾಲಯಗಳೂ ಆ ನಕಲಿಗೆ ಬೆಲೆ ಕೊಟ್ಟವು. ವಿಲನ್ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ಯಾವ ಕಾಯ್ದೆಯೂ ಒಂದು ದಿನ ರದ್ದು ಮಾಡಲಿಲ್ಲ. ತಾನಾಗೇ ಸವೆದುಹೋಯಿತು. ಕಾಪಿಹೋಲ್ಡ್ ಮಾತ್ರ 1926ರವರೆಗೂ ಬದುಕಿತ್ತು!

ಪ್ಲೇಗ್ ಬಂದರೆ, ಆಳು ಕಡಿಮೆಯಾದರೆ ಒಕ್ಕಲಿಗೆ ಬಿಡುಗಡೆ ಅಂತ ಸೂತ್ರ ಮಾಡಿಕೊಳ್ಳಬೇಡಿ. ಪೂರ್ವ ಯುರೋಪಿನಲ್ಲೂ ಆಳು ಕಡಿಮೆಯೇ. ಅಲ್ಲಿ ಆದದ್ದು ಉಲ್ಟಾ. ಪೋಲೆಂಡಿನಲ್ಲಿ 1520ರಲ್ಲಿ ವಾರಕ್ಕೆ ಒಂದು ದಿನದ ಬಿಟ್ಟಿಯನ್ನು ಕಡ್ಡಾಯ ಮಾಡಿದರು, ಮುಂದೆ ಅದು ಏರುತ್ತಲೇ ಹೋಯಿತು. ರಷ್ಯಾದ ರೈತ ಒಂದು ಕಾಲಕ್ಕೆ ನವೆಂಬರ್ 26ರ ಸಂತ ಜಾರ್ಜನ ಹಬ್ಬದ ಹಿಂದುಮುಂದಿನ ಎರಡು ವಾರದಲ್ಲಿ ಒಡೆಯನನ್ನು ಬಿಟ್ಟು ಹೋಗಬಹುದಿತ್ತು. 1649ರ ಕಾನೂನು ಅವನನ್ನು ನೆಲಕ್ಕೆ ಪೂರ್ತಿ ಕಟ್ಟಿತು. ಬಿಡುಗಡೆ ಸಿಕ್ಕಿದ್ದು 1861ರಲ್ಲಿ. ಅದಕ್ಕೂ 49 ವರ್ಷದ ಕಂತು. ಪಶ್ಚಿಮದಲ್ಲಿ ಹಳ್ಳಿಗರ ಒಗ್ಗಟ್ಟು ಗಟ್ಟಿಯಿತ್ತು, ಪೂರ್ವದಲ್ಲಿ ಒಡೆಯರದ್ದು, ಅದಕ್ಕೇ ಹೀಗಾಯಿತು ಅನ್ನುತ್ತಾರೆ ಇತಿಹಾಸಕಾರ ರಾಬರ್ಟ್ ಬ್ರೆನರ್. ಪೂರ್ತಿ ಉತ್ತರ ಅಲ್ಲದಿರಬಹುದು, ಬರೀ ಜನಸಂಖ್ಯೆಯ ಲೆಕ್ಕಕ್ಕಿಂತ ಮೇಲು.

ನಮ್ಮ ಕಡೆಗೆ ಬರೋಣ. ಭಾರತದಲ್ಲೂ ಯುರೋಪಿನಂಥ ಪಾಳೇಗಾರಿಕೆ ಇತ್ತು ಅಂತ ಇತಿಹಾಸಕಾರ ಆರ್.ಎಸ್. ಶರ್ಮ ವಾದಿಸಿದರು. ಇರಲಿಲ್ಲ, ಇಲ್ಲಿ ವಿಷ್ಟಿ ಅರಸರ ಕೆಲಸಕ್ಕೆ ಬಳಕೆಯಾಗುತ್ತಿತ್ತೇ ಹೊರತು ಒಡೆಯನ ಬೇಸಾಯ ಅದರ ಮೇಲೆ ನಿಂತಿರಲಿಲ್ಲ ಅಂತ ಇನ್ನೊಬ್ಬ ಇತಿಹಾಸಕಾರ ಹರ್ಬನ್ಸ್ ಮುಖಿಯಾ ಉತ್ತರ ಕೊಟ್ಟರು. ವಾರಕ್ಕೆ ಮೂರು ದಿನ ಅನ್ನುವ ಅರ್ಥದಲ್ಲಿ ಮುಖಿಯಾ ಸರಿ ಅಂತಲೇ ನನಗೆ ಅನಿಸುತ್ತದೆ. ಆದರೆ ಬ್ರಾಕ್ಟನ್ನನ ಪರೀಕ್ಷೆ ಹಚ್ಚಿದರೆ? ಕರಾವಳಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಮೂಲಗೇಣಿ ಅಂದರೆ ಗೇಣಿ ಖಾಯಂ, ಹಕ್ಕು ತಲೆಮಾರಿನದ್ದು. ಚಾಲಗೇಣಿ ಅಂದರೆ ಧಣಿ ಬಿಡು ಅಂದಾಗ ಬಿಡಬೇಕು. ನೆಲ ಅದೇ, ಭತ್ತ ಅದೇ. ಒಬ್ಬನಿಗೆ ನಾಳೆ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಧಣಿಯ ಮನೆಯ ಬಿಟ್ಟಿ ಚಾಕರಿಗೆ ಇಲ್ಲ ಅನ್ನುವುದು ಹೇಗೆ? ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದಿಂದ. ಅಳತೆ ಒಡೆಯನ ಕೈಯಲ್ಲಿದ್ದರೆ ಗೇಣಿ ಇಷ್ಟೇ ಅಂತ ಹೇಳುವವರು ಯಾರು? ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೂ ಒಳಗಾದರು.

ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಫಾರಂ 7 ತುಂಬಿ, ಭೂನ್ಯಾಯ ಮಂಡಳಿ ಎದುರು ಉಳುವವನು ನಾನೇ ಅಂತ ತೋರಿಸಿದ ಗೇಣಿದಾರ ಒಡೆಯನಾದ. ಬಾಯಿಮಾತಿನ ಗೇಣಿದಾರನಿಗೆ ಒಂದು ಗೇಣಿ ರಶೀದಿ ಸಿಕ್ಕಿದ್ದರೂ ಅವತ್ತು ಅದು ಚಿನ್ನ. ಅದರ ಜೊತೆಗೇ ಕಾನೂನು ಮುಂದಕ್ಕೆ ಗೇಣಿಯನ್ನೇ ನಿಷೇಧಿಸಿತು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟು ಬೇರೆ ಯಾರೂ ಹೊಲವನ್ನು ಗೇಣಿಗೆ ಕೊಡುವಂತಿಲ್ಲ.

ಕೊಡುವಂತಿಲ್ಲ ಅಂದ ಮಾತ್ರಕ್ಕೆ ನಿಂತಿತಾ? ಕೋರು, ಪಾಲು, ಲಾವಣಿ, ಗುತ್ತಿಗೆ ಅಂತ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಎಲ್ಲ ಬಾಯಿಮಾತು. 2020ರ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಕೊಂಡವರೆಲ್ಲ ನೇಗಿಲು ಹಿಡಿಯುತ್ತಾರಾ? ಉಳುವವನು ಇನ್ಯಾರೋ. ಪಹಣಿಯಲ್ಲಿ ಸಾಗುವಳಿದಾರರಿಗೆ ಅಂತ ಕಾಲಂ ಇದೆ, ಅಲ್ಲಿ ಅವನ ಹೆಸರು ಬರುವುದಿಲ್ಲ. ಹೆಸರಿಲ್ಲದೆ ಬೆಳೆಸಾಲ ಸಿಗುವುದು ಕಷ್ಟ, ಬೆಳೆ ಹೋದರೆ ಪರಿಹಾರವೂ ಕಷ್ಟ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಹೋಗುವುದು ಜಮೀನು ಹೆಸರಿನಲ್ಲಿರುವವರಿಗೆ.

ಮಾಲೀಕನ ಭಯವನ್ನೂ ತಳ್ಳಿಹಾಕಲು ಆಗುವುದಿಲ್ಲ. ಹೆಸರು ಬರೆಸಿದರೆ ಹೊಲ ಹೋಯಿತು ಅನ್ನುವುದು 1974ರ ನೆನಪು. ಅವರಲ್ಲಿ ಎಲ್ಲರೂ ದೊಡ್ಡ ಧಣಿಗಳಲ್ಲ. ಊರು ಬಿಟ್ಟ ಮೇಷ್ಟ್ರು ಇದ್ದಾರೆ, ಎರಡು ಎಕರೆಯ ವಿಧವೆ ಇದ್ದಾರೆ. ಆ ಭಯಕ್ಕೆ ಅವರು ಕಂಡುಕೊಂಡ ದಾರಿ, ಒಬ್ಬನಿಗೇ ಬಹಳ ವರ್ಷ ಕೊಡದಿರುವುದು. ನೀತಿ ಆಯೋಗ 2016ರಲ್ಲಿ ಮಾದರಿ ಗುತ್ತಿಗೆ ಕಾಯ್ದೆಯೊಂದನ್ನು ರಾಜ್ಯಗಳ ಮುಂದಿಟ್ಟಿತು. ಒಡೆತನ ಮಾಲೀಕನದ್ದೇ, ಆದರೆ ಕರಾರು ಬರವಣಿಗೆಯಲ್ಲಿರಲಿ ಅಂತ. ಆಂಧ್ರಪ್ರದೇಶ 2019ರಲ್ಲಿ 11 ತಿಂಗಳ ಸಾಗುವಳಿ ಕರಾರಿಗೆ ಕಾಯ್ದೆ ಮಾಡಿತು. ಆದರೆ ಆ ಕಾಯ್ದೆಯ ಪ್ರಕಾರ ಉಳುವವನಿಗೆ ಸಾಗುವಳಿದಾರ ಅನ್ನುವ ಕಾರ್ಡು ಸಿಗಬೇಕಾದರೆ ಮಾಲೀಕನ ಸಹಿ ಬೇಕು. ಸಹಿ ಹಾಕಲು ಹಿಂಜರಿಯುವ ಮಾಲೀಕರಿಂದಲೇ ಕಾಗದ ಪಡೆಯಬೇಕು ಅಂದರೆ, ಒಡೆಯನ ಪಂಚಾಯ್ತಿಯಲ್ಲೇ ಒಡೆಯನ ಮೇಲೆ ದೂರು ಕೊಟ್ಟ ಹಾಗೆ ಆಗಲಿಲ್ಲವಾ?

ಹಾಗಾಗಿ ಗುತ್ತಿಗೆಯನ್ನು ಕಾನೂನಿನೊಳಗೆ ತಂದರೆ ಪಾಳೇಗಾರಿಕೆ ಬರುತ್ತದೆ ಅನ್ನುವವರಿಗೆ ನನ್ನ ಉತ್ತರ ಇಷ್ಟು. ನಿಷೇಧ ಗೇಣಿಯನ್ನು ನಿಲ್ಲಿಸಿಲ್ಲ, ಅದರ ನಕಲನ್ನು ಮಾತ್ರ ನಿಲ್ಲಿಸಿದೆ. ಮಾಲೀಕನ ಒಡೆತನಕ್ಕೆ ಕೈ ಹಾಕದೆ, ಅವನ ಸಹಿಗೂ ಕಾಯದೆ, ಈ ವರ್ಷ ಈ ಹೊಲ ಉತ್ತವನು ಇವನು ಅಂತ ಊರಿನ ಮಟ್ಟದಲ್ಲೇ ಬರೆದುಕೊಳ್ಳಬಹುದು. ಬರೆಯುವ ಕೆಲಸ ಕಷ್ಟದ್ದೇನಲ್ಲ. ಬೆಳೆ ಸಮೀಕ್ಷೆಗೆ ಅಂತ ಹೊಲಹೊಲಕ್ಕೆ ಮೊಬೈಲ್ ಹಿಡಿದು ಹೋಗುತ್ತಲೇ ಇದ್ದಾರೆ. ಅಲ್ಲಿ ಯಾವ ಬೆಳೆ ಅಂತ ಕೇಳುತ್ತಾರೆ. ಯಾರು ಬೆಳೆದದ್ದು ಅಂತ ಕೇಳುವುದಕ್ಕೆ ಏನು ಅಡ್ಡಿ?

ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಲಾವಣಿ ಯುಗಾದಿಯಿಂದ ಯುಗಾದಿಗೆ. ಹಬ್ಬದ ಹಿಂದಿನ ದಿನ ಸಂಜೆ ಕಟ್ಟೆಯ ಮೇಲೆ ಕೂತವರನ್ನು ಈ ಸಲ ಯಾವ ಹೊಲ ಮಾಡ್ತೀರಿ ಅಂತ ಕೇಳಿ ನೋಡಿ. ಸ್ವಂತದವರು ಕೈ ತೋರಿಸಿ ಹೇಳುತ್ತಾರೆ. ಲಾವಣಿಯವರು, ಮಾಲಕರು ಇನ್ನೂ ಹೇಳಿಲ್ರೀ ಅನ್ನುತ್ತಾರೆ.